ಕಲ್ಕತ್ತೆಯ ಅಳಿಯ, ನಮ್ಮ ಚಾವಡಿ

ಬಂಗಾಳದ ಮೂಕಿಚಿತ್ರ ‘ಜಾಮಾಯಿ ಬಾಬು’ ಬಂದದ್ದು 1931ರಲ್ಲಿ. ನಿರ್ದೇಶಕ ಕಾಳೀಪದ ದಾಸ್ ತಾವೇ ಗೋವರ್ಧನನೆಂಬ ಹಳ್ಳಿ ಅಳಿಯನಾಗಿದ್ದಾರೆ. ಮಾವನ ಮನೆಗೆಂದು ಕಲ್ಕತ್ತೆಗೆ ಬಂದವನು ಪೇಟೆಯಲ್ಲಿ ದಾರಿ ತಪ್ಪುತ್ತಾನೆ. ಕೊನೆಗೊಂದು ರಾತ್ರಿ ಕದ್ದು ಹೆಂಡತಿಯ ಕೋಣೆಗೆ ಹೋಗಿ ಕಳ್ಳನೆನಿಸಿಕೊಳ್ಳುತ್ತಾನೆ. ಇಷ್ಟೇ ಕತೆ. ಬಂಗಾಳದ ಆಚೆ ಇದನ್ನು ಕಂಡವರು ಕಡಿಮೆ. ನನಗಂತೂ ಬ್ರಹ್ಮಾವರದ ನಮ್ಮ ಮನೆಯನ್ನೇ ನೋಡಿದ ಹಾಗಾಯಿತು.

ಆಗ ಹೊಸ ಅಳಿಯ ಬಂದರೆ ಕಾಲಿಗೆ ನೀರು, ಕುಡಿಯಲು ಬೆಲ್ಲ ನೀರು, ಚಾವಡಿಯಲ್ಲಿ ಚಾಪೆ. ಅಕ್ಕ ಒಳಗೆ. “ಅವ್ರಿಗೆ ಇನ್ನೊಂದ್ ಲೋಟ ನೀರ್ ಬೇಕಾ ಕೇಣ್” ಎಂದು ನನ್ನನ್ನು ಅಟ್ಟುವಳು. ಗೋಡೆಯಾಚೆ ಕೂತ ಭಾವನಿಗೆ ಅದು ನೇರ ಕೇಳಿಸಿದ್ದರೂ ನಾನು ಹೋಗಿ ಕೇಳುವವರೆಗೆ ಅವರು ಸುಮ್ಮನಿರಬೇಕು. ಹಿರಿಯರೆದುರು ಗಂಡ ಹೆಂಡತಿ ಮಾತಾಡುವ ಕ್ರಮವಿರಲಿಲ್ಲ. ಬಳೆ ಸದ್ದು, ಬಾಗಿಲ ಸಂದಿಯ ನೋಟ, ಒಂದು ಕೆಮ್ಮು, ಇಷ್ಟರಲ್ಲೇ ಅವರ ಸಂಸಾರ. ಅಂಥ ದಾಂಪತ್ಯವನ್ನು ತೋರಿಸಲು ಮೂಕಿಗಿಂತ ತಕ್ಕ ಸಿನಿಮಾ ಇಲ್ಲ. ಅಲ್ಲಿ ಮಾತು ಇಲ್ಲವೆಂದು ಅನ್ನಿಸುವುದೇ ಇಲ್ಲ.

ನಮ್ಮ ಕಡೆಯ ನಗು ಮಾತಿನಿಂದ ಹುಟ್ಟುವಂಥದ್ದು. ಯಕ್ಷಗಾನದಲ್ಲಿ ಕುಂಜಾಲು ರಾಮಕೃಷ್ಣರಂಥ ಹಾಸ್ಯಗಾರರ ಒಂದೊಂದು ಮಾತಿಗೆ ಕಾಯುತ್ತಿದ್ದ ಜನ ನಾವು. ಗೋವರ್ಧನನ ಹೆದರಿದ ಮೈಯೊಂದೇ ನಗಿಸಿದ್ದು ನನಗೆ ಹೊಸದು.

ಈಗ ಅಕ್ಕ ಭಾವನನ್ನು ಅಂಗಳದಿಂದಲೇ ಕೂಗಿ ಕರೆಯುತ್ತಾಳೆ. ಅವಳ ಸೊಸೆ ಗಂಡನನ್ನು ಹೆಸರು ಹಿಡಿದೇ ಕರೆಯುವುದು. ಇದೇ ಒಳ್ಳೆಯದು. ಮೊಬೈಲಿನಲ್ಲಿ ಚಿತ್ರ ತೋರಿಸಿದಾಗ ಅಕ್ಕ ನಗಲಿಲ್ಲ. “ಆ ಹೆಣ್ಣಿಗೆ ಎಷ್ಟ್ ಹೆದ್ರಿಕೆ ಆಯಿರ್ಕ್” ಎಂದಳು. ಆಮೇಲೆ ನಾನು ಗೋವರ್ಧನನ ಹೆಂಡತಿಯನ್ನೇ ಗಮನಿಸಿ ಮತ್ತೆ ನೋಡಿದೆ. ಕಾಯುವ ಕಷ್ಟ ಅಳಿಯನೊಬ್ಬನದೇ ಆಗಿರಲಿಲ್ಲ.

ಇಂಡಿಯಾದಲ್ಲಿ 1,300ಕ್ಕೂ ಹೆಚ್ಚು ಮೂಕಿಗಳು ತಯಾರಾದವು, ಉಳಿದವು ಬೆರಳೆಣಿಕೆಯವು. ನಮ್ಮ ತಾಲ್ಲೂಕಿನದೇ ಕೋಟದ ಶಿವರಾಮ ಕಾರಂತರು ಅದೇ ಕಾಲದಲ್ಲಿ ‘ಡೊಮಿಂಗೊ’, ‘ಭೂತರಾಜ್ಯ’ ತೆಗೆದಿದ್ದರು. ಅವುಗಳ ಹೆಸರನ್ನಷ್ಟೇ ಓದಿದ್ದೇವೆ. ಆ ಕಾಲದ ನಮ್ಮವರ ನಡಿಗೆ, ಕೂರುವ ರೀತಿ, ನಾಚುವ ರೀತಿ ತೆರೆಯ ಮೇಲೆ ಹೇಗಿದ್ದಿರಬಹುದೆಂದು ಕಾಣಲು ನನಗೆ ಸಿಕ್ಕಿರುವುದು ಕಲ್ಕತ್ತೆಯ ಈ ಅಳಿಯ.