ಐದನೇ ಅಧ್ಯಾಯದ ತೆಂಗಿನಕಾಯಿ

ನಮ್ಮ ಚಿತ್ರದುರ್ಗ ಜಿಲ್ಲೆಯ ಮೇಲೆ ಯಾರೇ ಪ್ರಬಂಧ ಬರೆಯಲಿ, ಮೊದಲ ಅಧ್ಯಾಯಕ್ಕೆ ಅಶೋಕ ಬಂದೇ ಬರುತ್ತಾನೆ. ಹೊಸದುರ್ಗದ ತೆಂಗಿನ ವ್ಯಾಪಾರದ ಬಗ್ಗೆ ಹುಡುಗನೊಬ್ಬ ಬರೆದದ್ದನ್ನು ಓದಲು ಕೂತೆ. 1892ರಲ್ಲಿ ಬಿ.ಎಲ್. ರೈಸ್ ಪತ್ತೆಹಚ್ಚಿದ ಬ್ರಹ್ಮಗಿರಿಯ ಅಶೋಕನ ಶಾಸನ, ಚಂದ್ರವಳ್ಳಿಯಲ್ಲಿ ಕೆರೆ ಕಟ್ಟಿಸಿದ ಮಯೂರಶರ್ಮ, ಓಬವ್ವನ ಒನಕೆ, ಹಿರಿಯೂರಿನ ವಾಣಿವಿಲಾಸ ಸಾಗರ, ಎಲ್ಲ ಸಾಲಾಗಿ ನಿಂತಿದ್ದವು. ಹೊಳಲ್ಕೆರೆಯ ಬಯಲು ಗಣಪನಿಗೂ ಒಂದು ಪುಟ ಸಂದಿತ್ತು. ತೆಂಗಿನಕಾಯಿ ಬರುವ ಹೊತ್ತಿಗೆ ನನಗೆ ಎರಡನೇ ಕಾಫಿ ಬಂದಿತ್ತು.

“ಇದೆಲ್ಲ ಯಾಕೋ?” ಅಂದೆ.

“ಹಿನ್ನೆಲೆ ಸಾರ್. ಎಲ್ರೂ ಹಾಕ್ತಾರೆ.”

ಅವನ ನಿಜವಾದ ಮಾತು ಐದನೇ ಅಧ್ಯಾಯದಲ್ಲಿ ಅಡಗಿತ್ತು. ಮಳೆ ಕೈಕೊಟ್ಟ ವರ್ಷ ಟ್ಯಾಂಕರ್ ನೀರು ಹಾಕಿ ತೋಟ ಉಳಿಸಿಕೊಂಡ ರೈತ, ಸಾಲದವರ ಕಾಟಕ್ಕೆ, ಕಾಯಿ ಅಟ್ಟದ ಮೇಲೆ ಒಣಗಿ ಕೊಬ್ಬರಿಯಾಗುವವರೆಗೆ ಕಾಯಲಾರ, ಕಾಯಿಯನ್ನೇ ಮಾರುತ್ತಾನೆ. ಮೊದಲಿಗೇ ಬಂದಿದ್ದರೆ ಅದು ವಾದವಾಗುತ್ತಿತ್ತು. ಅಲ್ಲಿ ಬಂದು ಬರೀ ಮಾಹಿತಿಯಾಯಿತು.

ಎಲ್ಲಿಂದ ಶುರುಮಾಡಬೇಕೆಂಬುದನ್ನು ನಮ್ಮ ನೆಲದಲ್ಲೇ ತೋರಿಸಿದವರು ಪುರಾತತ್ವಜ್ಞ ಮಾರ್ಟಿಮರ್ ವೀಲರ್. 1947ರಲ್ಲಿ ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ ಅಗೆಸಿದಾಗ ಮಡಕೆ ಚೂರುಗಳನ್ನು ಅವು ಸಿಕ್ಕ ಪದರ ನೋಡಿ ಜೋಡಿಸಿದರು. ರೋಮನ್ ನಾಣ್ಯಗಳಿಂದಾಗಿ ಮೇಲಿನ ಪದರದ ಆಂಧ್ರ ಸಂಸ್ಕೃತಿಯ ಕಾಲ ಗೊತ್ತಿತ್ತು. ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಹೋದರು: ಕೆಳಗೆ ಬೃಹತ್ ಶಿಲಾಗೋರಿಗಳ ಜನ, ಅದಕ್ಕೂ ಕೆಳಗೆ ಕಲ್ಲುಕೊಡಲಿಯವರು. ಮುಂದೆ ವಿಕಿರಣ ಇಂಗಾಲದ ಕಾಲಗಣನೆ ಬಂದು ಕಲ್ಲುಕೊಡಲಿಯವರನ್ನು ಸಾವಿರ ವರ್ಷದಷ್ಟು ಹಿಂದಕ್ಕೆ ತಳ್ಳಿತು. ಇಸವಿ ಬಿದ್ದುಹೋಯಿತು, ಅನುಕ್ರಮ ನಿಂತಿತು.

ಪ್ರಬಂಧದ ಅನುಕ್ರಮ ಜೋಡಿಸಲು ನಮ್ಮ ಕಾಲದಲ್ಲಿ ಚೀಟಿಗಳಿದ್ದವು. ಲಗ್ನಪತ್ರಿಕೆಗಳ ಹಿಂಬದಿಯಲ್ಲಿ ಟಿಪ್ಪಣಿ ಬರೆದು ಚಾಪೆಯ ಮೇಲೆ ಹರಡುತ್ತಿದ್ದೆವು. ದುರ್ಗದ ಗಾಳಿ ಗೊತ್ತಲ್ಲ, ಈಗ ಗುಡ್ಡದ ಮೇಲೆ ಅದರಿಂದಲೇ ಕರೆಂಟು ತೆಗೆಯುತ್ತಾರೆ. ಕಿಟಕಿ ತೆರೆದರೆ ಹೈದರಾಲಿ ಬರುವ ಮೊದಲೇ ಮದಕರಿ ನಾಯಕ ಮಂಚದ ಕೆಳಗೆ ಸೇರಿಬಿಡುತ್ತಿದ್ದ. ಆದರೂ ಒಂದೊಂದು ಚೀಟಿ ಕೈಯಲ್ಲಿ ಹಿಡಿದಾಗ ಜಾಗದ ಪ್ರಶ್ನೆ ಏಳುತ್ತಿತ್ತು. “ಇದಾದ್ಮೇಲೆ ಇದ್ಯಾಕೋ?” ಎಂದು ಎದುರು ಕೂತು ಕಾಡುತ್ತಿದ್ದ ಗೆಳೆಯ ಈಗಿಲ್ಲ. ಕಂಪ್ಯೂಟರು ಎಲ್ಲಿ ಹಾಕು ಅಂದರೆ ಅಲ್ಲಿ ಹಾಕುತ್ತದೆ, ಯಾಕೆ ಅನ್ನುವುದಿಲ್ಲ.

ಪ್ರಬಂಧ ಬರೆಯುತ್ತಿರುವ ಮಕ್ಕಳೇ, ನಿಮ್ಮ ಕೊನೆಯ ಅಧ್ಯಾಯವನ್ನು ಒಮ್ಮೆ ಮೊದಲಿಟ್ಟು ನೋಡಿ. ಮಿಕ್ಕವುಗಳಲ್ಲಿ ಅದು ಕೇಳಿದಷ್ಟನ್ನು ಮಾತ್ರ ಉಳಿಸಿಕೊಳ್ಳಿ. ಬೈಂಡಿಂಗ್ ಖರ್ಚೂ ಕಡಿಮೆಯಾಗುತ್ತದೆ.