ಹಿರಿಯ ಮಗಳ ಪಾಲು

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಪತ್ರ ಬರೆದಾಗ ನಾನು ಕೊಟ್ಟ ಉತ್ತರ ‘ನನ್ನಿಂದಾಗದು’ ಎಂದಾಗಿತ್ತು. ಪತ್ರವನ್ನು ಅಂಚೆಗೆ ಹಾಕಿ ಮನೆಗೆ ಮರಳುವಾಗ ನನಗೇ ನಗು ಬಂತು. ಈ ಶಾಲೆಯ ಕರೆಗೆ ನಾನು ಹೀಗೆ ಉತ್ತರಿಸಿದ್ದು ಇದು ಮೂರನೆಯ ಸಲ. ಮೊದಲಿನ ಎರಡು ಸಲದ ಕಥೆಯನ್ನು ಇದುವರೆಗೆ ಯಾರಲ್ಲಿಯೂ ಹೇಳಿಕೊಂಡಿಲ್ಲ. ಮಾರನೆಯ ದಿನವೇ ಇನ್ನೊಂದು ಪತ್ರ ಬರೆದು ಒಪ್ಪಿಕೊಂಡೆ. ಆ ಕಥೆಯನ್ನು ಹೇಳುವ ಮೊದಲು ಒಂದು ಪುಸ್ತಕದ ವಿಷಯ ಹೇಳಬೇಕು. ಅದು ಕನ್ನಡದ್ದಲ್ಲ, ನಮ್ಮ ಶಾಲೆಯ ಗ್ರಂಥಾಲಯದ್ದೂ ಅಲ್ಲ; ಆದರೂ ಅದನ್ನು ಓದುವಾಗ ನನಗೆ ನೆನಪಾದದ್ದು ಈ ಶಾಲೆಯೇ.

2019ರ ಬೇಸಿಗೆ ರಜೆಯಲ್ಲಿ ಕಿರಿಯ ತಂಗಿಯ ಮಗಳು ಬೆಂಗಳೂರಿನಿಂದ ಬಂದವಳು ಒಂದು ಇಂಗ್ಲಿಷ್ ಪುಸ್ತಕವನ್ನು ನನ್ನ ಕೈಗಿತ್ತು, “ದೊಡ್ಡಮ್ಮ, ಇದನ್ನು ನೀವು ಓದಲೇಬೇಕು. ಇದರಲ್ಲಿ ನೀವಿದ್ದೀರಿ” ಎಂದಳು. ಡಯಾನಾ ವಿನ್ ಜೋನ್ಸ್ ಎಂಬ ಲೇಖಕಿ 1986ರಲ್ಲಿ ಪ್ರಕಟಿಸಿದ ‘ಹೌಲ್ಸ್ ಮೂವಿಂಗ್ ಕಾಸಲ್’, ಎಂದರೆ ಹೌಲನ ಚಲಿಸುವ ಕೋಟೆ, ಎಂಬ ಕಾದಂಬರಿ ಅದು. ಜಪಾನಿನ ಹಯಾವೊ ಮಿಯಾಜಾಕಿಯವರು 2004ರಲ್ಲಿ ಅದನ್ನು ಚಲನಚಿತ್ರವಾಗಿಸಿದ ಮೇಲೆ ಲೋಕಕ್ಕೆಲ್ಲ ಪರಿಚಿತವಾಯಿತು. ಮಾಟಗಾರರು, ಮಂತ್ರದಂಡಗಳು ತುಂಬಿದ, ಹದಿಹರೆಯದವರಿಗಾಗಿ ಬರೆದ ಪುಸ್ತಕದಲ್ಲಿ ಐವತ್ತರ ಸಮೀಪದ ಕನ್ನಡ ಟೀಚರಿಗೆ ಏನು ಕೆಲಸ ಎಂದುಕೊಂಡೇ ತೆರೆದೆ. ನಿಘಂಟನ್ನು ಮಗ್ಗುಲಲ್ಲಿಟ್ಟುಕೊಂಡು ಹನ್ನೊಂದು ದಿನಗಳಲ್ಲಿ ಓದಿ ಮುಗಿಸಿದೆ.

ಕಥೆ ನಡೆಯುವುದು ಇಂಗರಿ ಎಂಬ ಕಲ್ಪಿತ ನಾಡಿನಲ್ಲಿ. ಅಲ್ಲಿ ಮೂವರು ಮಕ್ಕಳಲ್ಲಿ ಹಿರಿಯರಾಗಿ ಹುಟ್ಟುವುದು ದುರದೃಷ್ಟವೆಂದು ಜನರ ನಂಬಿಕೆ; ಭಾಗ್ಯವನ್ನರಸಿ ಹೊರಟರೆ ಮೊದಲು ಸೋಲುವವರು ಹಿರಿಯರೇ. ಮೂವರು ಹೆಣ್ಣುಮಕ್ಕಳಲ್ಲಿ ದೊಡ್ಡವಳಾದ ಸೋಫಿ ಹ್ಯಾಟರ್ ಇದನ್ನು ಪೂರ್ತಿಯಾಗಿ ನಂಬಿದವಳು. ತಂದೆ ತೀರಿಕೊಂಡಾಗ ಮಲತಾಯಿಯು ಒಬ್ಬ ತಂಗಿಯನ್ನು ಬೇಕರಿಗೂ ಇನ್ನೊಬ್ಬಳನ್ನು ಮಂತ್ರವಿದ್ಯೆ ಕಲಿಯಲೂ ಕಳುಹಿಸಿ, ಸೋಫಿಯನ್ನು ಮನೆಯ ಟೋಪಿ ಅಂಗಡಿಯಲ್ಲೇ ಉಳಿಸಿಕೊಳ್ಳುತ್ತಾಳೆ. ತಂಗಿಯರಿಬ್ಬರೂ ತಮಗೆ ಸಿಕ್ಕಿದ್ದು ಹಿಡಿಸದೆ, ಮಂತ್ರದ ಬಲದಿಂದ ರೂಪವನ್ನೇ ಅದಲುಬದಲು ಮಾಡಿಕೊಂಡು ಒಬ್ಬಳ ಸ್ಥಾನಕ್ಕೆ ಇನ್ನೊಬ್ಬಳು ಹೋಗುತ್ತಾರೆ. ಕೊಟ್ಟದ್ದನ್ನು ಕೊಟ್ಟ ಹಾಗೆ ಸ್ವೀಕರಿಸಿ ಕುಳಿತವಳು ಹಿರಿಯವಳೊಬ್ಬಳೇ.

ಒಂಟಿಯಾಗಿ ಕುಳಿತು ಟೋಪಿ ಹೊಲಿಯುವ ಸೋಫಿ ಬೇಸರ ಕಳೆಯಲು ಟೋಪಿಗಳೊಡನೆಯೇ ಮಾತನಾಡತೊಡಗುತ್ತಾಳೆ. ನಿನಗೆ ಒಳ್ಳೆಯ ವರ ಸಿಗುತ್ತಾನೆ, ನಿನ್ನನ್ನು ತೊಟ್ಟವಳು ಚೆಲುವೆಯಾಗಿ ಕಾಣುತ್ತಾಳೆ ಎಂದು ಒಂದೊಂದಕ್ಕೂ ಹೇಳುತ್ತಾಳೆ. ಆ ಟೋಪಿಗಳನ್ನು ಕೊಂಡವರಿಗೆ ಅವಳು ಹೇಳಿದಂತೆಯೇ ಆಗುತ್ತದೆ. ಅವಳ ಮಾತಿಗೆ ಜಡವಸ್ತುವಿಗೂ ಜೀವ ತುಂಬುವ ಶಕ್ತಿಯಿದೆ, ಊರಿಗೆಲ್ಲ ಅದರ ಫಲ ಸಿಗುತ್ತಿದೆ, ತಿಳಿಯದವಳು ಅವಳೊಬ್ಬಳೇ. ಒಬ್ಬ ಮಾಟಗಾತಿ ಅಂಗಡಿಗೆ ಬಂದು ಅವಳನ್ನು ತೊಂಬತ್ತರ ಮುದುಕಿಯನ್ನಾಗಿ ಮಾಡಿ ಹೋದಾಗಲೂ ಸೋಫಿ ಅಳುವುದಿಲ್ಲ. ಕನ್ನಡಿ ನೋಡಿ, ಸರಿ, ಇದೂ ನನಗೆ ಒಪ್ಪುತ್ತದೆ ಎಂಬಂತೆ ಕೋಲೂರಿಕೊಂಡು ಹೊರಟುಬಿಡುತ್ತಾಳೆ.

ಇಲ್ಲಿಗೆ ಪುಸ್ತಕ ಮುಚ್ಚಿಟ್ಟು ಅಂಗಳಕ್ಕೆ ಬಂದು ನಿಂತೆ. ಆ ಪುಸ್ತಕ ಅಚ್ಚಾದ 1986ರಲ್ಲಿಯೇ ನಾನು ಎಸ್.ಎಸ್.ಎಲ್.ಸಿ. ಮುಗಿಸಿ ಈ ಶಾಲೆಯಿಂದ ಹೊರಬಿದ್ದದ್ದು. ಅದರ ಹಿಂದಿನ ವರ್ಷ ತಂದೆಯವರು ತೀರಿಕೊಂಡಿದ್ದರು. ನಾವು ಮೂವರು ಹೆಣ್ಣುಮಕ್ಕಳು, ನಾನು ಹಿರಿಯವಳು. ಫಲಿತಾಂಶ ಬಂದ ದಿನ ಅಮ್ಮ ನನ್ನ ಅಂಕಗಳನ್ನು ಕೇಳಿ ಸಂತೋಷಪಟ್ಟು, ಮಾರನೆಯ ದಿನ ಬೀಡಿ ಬ್ರಾಂಚಿನಲ್ಲಿ ನನ್ನ ಹೆಸರು ಬರೆಸಿ ಬಂದರು. ಅವರನ್ನು ದೂರುವುದಕ್ಕಿಲ್ಲ. ಒಂದು ಮನೆಯಲ್ಲಿ ಮೂವರನ್ನೂ ಓದಿಸುವಷ್ಟು ಗಂಜಿ ಇರಲಿಲ್ಲ.

ಕಾಸರಗೋಡಿನ ಕಡೆಯವರಿಗೆ ಬೀಡಿಯ ಕೆಲಸವನ್ನು ವಿವರಿಸಬೇಕಾಗಿಲ್ಲ. ಎಲೆ ನೆನೆಸಿ, ಅಳತೆಗೆ ಕತ್ತರಿಸಿ, ಹೊಗೆಸೊಪ್ಪು ಹರಡಿ, ಸುರುಟಿ, ನೂಲು ಕಟ್ಟಿ, ತುದಿ ಮಡಚುವುದು. ದಿನಕ್ಕೆ ಎಂಟುನೂರು, ಕೈ ಓಡಿದ ದಿನ ಸಾವಿರ. ಸಂಜೆ ಬ್ರಾಂಚಿನಲ್ಲಿ ಸರಿಯಿಲ್ಲವೆಂದು ತೆಗೆದು ಎಸೆದವುಗಳ ಲೆಕ್ಕ ಬೇರೆ. ಉತ್ತರ ಮಲಬಾರಿನ ಬೀಡಿ ಕಾರ್ಖಾನೆಗಳಲ್ಲಿ ಒಬ್ಬರು ಪತ್ರಿಕೆ ಓದಿ ಹೇಳುವ, ಉಳಿದವರು ಕೈಕೆಲಸ ನಿಲ್ಲಿಸದೆ ಕೇಳುವ ರೂಢಿಯಿತ್ತು. ನಮ್ಮ ಜಗಲಿಗೆ ಪತ್ರಿಕೆ ಬರುತ್ತಿರಲಿಲ್ಲ. ನೆರೆಮನೆಯ ನಾಲ್ಕೈದು ಹೆಂಗಸರು ಸೂಪು ಹಿಡಿದು ಬಂದು ಕುಳಿತರೆ ನಾನು ಕಥೆ ಹೇಳುತ್ತಿದ್ದೆ. ಶಾಲೆಯ ಕಪಾಟಿನಲ್ಲಿ ಓದಿದ ಕಾದಂಬರಿಗಳು, ರಾತ್ರಿ ಗದ್ದೆಯಲ್ಲಿ ಕುಳಿತು ನೋಡಿದ ಯಕ್ಷಗಾನದ ಪ್ರಸಂಗಗಳು ಎಲ್ಲವೂ ಅಲ್ಲಿ ಮರುಹುಟ್ಟು ಪಡೆಯುತ್ತಿದ್ದವು. ಓದಿದ್ದು ಕನ್ನಡದಲ್ಲಿ, ಹೇಳುತ್ತಿದ್ದದ್ದು ತುಳುವಿನಲ್ಲಿ, ನಡುವೆ ಬಂದು ಕುಳಿತ ಐಸಮ್ಮನವರಂಥ ನೆರೆಯವರಿಗೆ ಮಲಯಾಳದಲ್ಲಿ ಒಂದೆರಡು ಮಾತು. ಅದು ಹೊತ್ತು ಕಳೆಯುವ ಉಪಾಯವೆಂದಷ್ಟೇ ನಾನು ತಿಳಿದಿದ್ದೆ.

1988ರಲ್ಲಿ ಒಂದು ಸಂಜೆ ನಮ್ಮ ಮುಖ್ಯೋಪಾಧ್ಯಾಯರು ಆ ದಾರಿಯಾಗಿ ಹೋಗುವಾಗ ಅಂಗಳದ ಬದಿಯಲ್ಲಿ ನಿಂತು ಕಥೆಯನ್ನು ಕೊನೆಯವರೆಗೆ ಕೇಳಿದರಂತೆ. ಆಮೇಲೆ ಒಳಗೆ ಬಂದು, ಖಾಸಗಿಯಾಗಿ ಪ್ರೀಡಿಗ್ರಿಗೆ ಕಟ್ಟು, ಅನಂತರ ಶಿಕ್ಷಕರ ತರಬೇತಿಗೆ ಹೋಗಬಹುದು ಎಂದರು. “ನನ್ನಿಂದಾಗದು ಮಾಸ್ಟ್ರೆ, ತಂಗಿಯಂದಿರದ್ದು ಮುಗಿಯಲಿ” ಎಂದೆ. ಅದು ಸತ್ಯವಾದ ಉತ್ತರವಾಗಿತ್ತು. 1992ರಲ್ಲಿ ಅವರು ಪುನಃ ಬಂದರು. ಅಷ್ಟರಲ್ಲಿ ನಡುವಿನ ತಂಗಿಗೆ ಮಂಗಳೂರಿನಲ್ಲಿ ದಾದಿಯ ಕೆಲಸ ಸಿಕ್ಕಿ ಮನೆಗೆ ಹಣ ಬರುತ್ತಿತ್ತು. ಅಮ್ಮನೂ “ಹೋಗು” ಎಂದರು. ನಾನು ಪುನಃ “ನನ್ನಿಂದಾಗದು” ಎಂದೆ. ಈ ಸಲ ಅದು ಸತ್ಯವಾಗಿರಲಿಲ್ಲ. ಆರು ವರ್ಷ ಒಂದೇ ಮೂಲೆಯಲ್ಲಿ ಕುಳಿತು ಆ ಮೂಲೆಯೇ ನನ್ನ ಅಳತೆಯೆಂದು ನಂಬಿದ್ದೆ. ಸೋತರೆ ಜನ ಏನೆನ್ನುವರೋ ಎಂಬ ಭಯಕ್ಕೆ ತ್ಯಾಗವೆಂಬ ಒಳ್ಳೆಯ ಸೀರೆ ಉಡಿಸಿದ್ದೆ.

ಕಾದಂಬರಿಯಲ್ಲಿಯೂ ಇದೇ ಇದೆ ಎಂಬುದು ನನ್ನನ್ನು ಬೆಚ್ಚಿಬೀಳಿಸಿತು. ಮುದುಕಿ ಸೋಫಿ ಹೌಲ್ ಎಂಬ ಮಂತ್ರವಾದಿಯ ಕೋಟೆಯನ್ನು ಸೇರಿ, ಅಲ್ಲಿ ಗುಡಿಸುವ, ಒರೆಸುವ ಕೆಲಸವನ್ನು ತಾನಾಗಿ ಹೊತ್ತುಕೊಳ್ಳುತ್ತಾಳೆ. ಹೌಲನ ವೃದ್ಧ ಗುರು ಶ್ರೀಮತಿ ಪೆಂಟ್‌ಸ್ಟೆಮನ್ ಅವಳ ಕೈಯ ಊರುಗೋಲನ್ನು ನೋಡಿದೊಡನೆ, ಇದರೊಡನೆ ಮಾತನಾಡಿ ಮಾತನಾಡಿ ನೀನಿದನ್ನು ಮಂತ್ರದಂಡವನ್ನಾಗಿಸಿರುವೆ ಎಂದು ಗುರುತಿಸುತ್ತಾಳೆ. ಆಗಲೂ ಸೋಫಿಗೆ ತನ್ನ ಶಕ್ತಿಯಲ್ಲಿ ಪೂರ್ಣ ನಂಬಿಕೆ ಬರುವುದಿಲ್ಲ. ಅವಳ ಮೇಲಿನ ಮಾಟವನ್ನು ತೆಗೆಯಲು ಹೌಲ್ ಗುಟ್ಟಾಗಿ ಹಲವು ಸಲ ಪ್ರಯತ್ನಿಸಿ ಸೋತಿರುತ್ತಾನೆ. ಇವಳಿಗೆ ಈ ವೇಷವೇ ಇಷ್ಟವಿರಬೇಕೆಂದು ಅವನು ತೀರ್ಮಾನಿಸುತ್ತಾನೆ. ಮಾಟ ಮಾಡಿದವಳು ಬೇರೆಯವಳು, ನಿಜ. ಆದರೆ ಅದನ್ನು ಬಿಗಿಯಾಗಿ ಹೊದ್ದುಕೊಂಡವಳು ಸೋಫಿಯೇ.

ಪುಸ್ತಕದೊಡನೆ ನನಗೆ ಜಗಳವೂ ಇದೆ. ಬಡತನವು ಮಾಟವಲ್ಲ, ನಂಬಿಕೆ ಬದಲಾದೊಡನೆ ಅದು ಕಳಚಿ ಬೀಳುವುದಿಲ್ಲ. 1988ರಲ್ಲಿ ನಾನು ಎದ್ದು ಹೋಗಿದ್ದರೆ ತಂಗಿಯ ಶುಲ್ಕ ಕಟ್ಟುವವರು ಇರಲಿಲ್ಲ. ಆದ್ದರಿಂದ ಹಿರಿಯ ಹೆಣ್ಣುಮಕ್ಕಳ ತ್ಯಾಗವನ್ನೆಲ್ಲ ಅಂಜುಬುರುಕುತನವೆಂದು ಕರೆಯಲು ನಾನು ಸಿದ್ಧಳಿಲ್ಲ. ಆದರೆ 1988ಕ್ಕೂ 1992ಕ್ಕೂ ವ್ಯತ್ಯಾಸವಿತ್ತು. ಹೊರಗಿನ ಬಾಗಿಲು ತೆರೆದ ಮೇಲೂ ಒಳಗಿನಿಂದ ಚಿಲಕ ಹಾಕಿಕೊಂಡವಳು ನಾನು. ಅದನ್ನು ನನಗೆ ತೋರಿಸಿಕೊಟ್ಟದ್ದಕ್ಕಾಗಿ ಈ ಪುಸ್ತಕಕ್ಕೆ ಋಣಿ.

ಓದಿದ ಮೇಲೆ ಲೇಖಕಿಯ ಕುರಿತು ತಿಳಿಯುವ ಆಸೆಯಾಯಿತು. 1934ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಡಯಾನಾ ಅವರೂ ಮೂವರು ಹೆಣ್ಣುಮಕ್ಕಳಲ್ಲಿ ಹಿರಿಯರು. ಪುಸ್ತಕಗಳ ವಿಷಯದಲ್ಲಿ ತಂದೆಯದು ಬಿಗಿಮುಷ್ಟಿ; ಮೂವರಿಗೂ ಸೇರಿ ಕ್ರಿಸ್‌ಮಸ್ಸಿಗೆ ಒಂದೇ ಪುಸ್ತಕ. ಅದಕ್ಕಾಗಿ ಡಯಾನಾ ನೋಟುಪುಸ್ತಕಗಳಲ್ಲಿ ತಾವೇ ಕಥೆ ಬರೆದು ತಂಗಿಯರಿಗೆ ಓದಿ ಹೇಳುತ್ತಿದ್ದರು. 1939ರಲ್ಲಿ ಯುದ್ಧ ಆರಂಭವಾದಾಗ ಐದು ವರ್ಷದ ಆ ಹುಡುಗಿಯನ್ನು ವೇಲ್ಸಿನ ಅಜ್ಜನ ಮನೆಗೆ ಕಳುಹಿಸಿದರು. ಅಜ್ಜ ವೆಲ್ಷ್ ಭಾಷೆಯಲ್ಲಿ ಧರ್ಮೋಪದೇಶ ಮಾಡುತ್ತಿದ್ದವರು. ಅರ್ಥವಾಗದ ಆ ನುಡಿಯ ಘನವಾದ ನಾದ ತಮ್ಮ ಮನಸ್ಸಿನ ತಳದಲ್ಲಿ ಕೊನೆಯವರೆಗೂ ಹರಿಯುತ್ತಲೇ ಇತ್ತು, ಬರೆಯುವಾಗ ಅದನ್ನು ಸಂಗೀತದಂತೆ ಆಲಿಸುತ್ತಿದ್ದೆ ಎಂದು ಅವರು ಹೇಳಿಕೊಂಡಿದ್ದಾರೆ. ದೊಡ್ಡ ಭಾಷೆಯೊಂದರ ಪಕ್ಕದಲ್ಲಿ ಬದುಕುವ ನುಡಿಯ ಬೆಲೆ, 1956ರ ನವೆಂಬರ್ 1ರಿಂದ ಕೇರಳದ ಮಣ್ಣಿನಲ್ಲಿ ಕನ್ನಡದ ದೀಪ ಹಿಡಿದಿರುವ ನಮಗೆ ತಿಳಿಯದೆ ಇನ್ನಾರಿಗೆ ತಿಳಿದೀತು?

ಹೌಲನ ಕೋಟೆಯ ಬಾಗಿಲಿನ ಮೇಲೆ ನಾಲ್ಕು ಬಣ್ಣಗಳ ಒಂದು ಗುಬುಟು ಇದೆ. ಅದನ್ನು ತಿರುಗಿಸಿದಂತೆ ಅದೇ ಬಾಗಿಲು ಬೇರೆ ಬೇರೆ ಊರಿಗೆ ತೆರೆದುಕೊಳ್ಳುತ್ತದೆ. ನೀಲಿಗೆ ಬಂದರಿನ ಊರು, ಕೆಂಪಿಗೆ ರಾಜಧಾನಿ, ಹಸಿರಿಗೆ ಬೆಟ್ಟದ ಬಯಲು. ಯಾರಿಗೂ ತಿಳಿಯದ ಕಪ್ಪು ಬಣ್ಣ ತೆರೆದುಕೊಳ್ಳುವುದು ವೇಲ್ಸಿಗೆ, ಹೌಲನ ಹುಟ್ಟೂರಿಗೆ. ಮನೆಯಲ್ಲಿ ತುಳು, ಬ್ಯಾರಿ ಅಥವಾ ಕೊಂಕಣಿ, ಪೇಟೆಯಲ್ಲಿ ಮಲಯಾಳ, ತರಗತಿಯಲ್ಲಿ ಕನ್ನಡ ಎಂದು ದಿನಕ್ಕೆ ಹತ್ತು ಸಲ ಗುಬುಟು ತಿರುಗಿಸುವ ನಮ್ಮ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿ ಬರಲಿಲ್ಲ.

ಹೌದು, ಈ ಕಥೆಯನ್ನು ನಾನು ಕನ್ನಡದಲ್ಲಿ ಮಕ್ಕಳಿಗೆ ಹೇಳಿದೆ. ಗ್ರಂಥಾಲಯದ ಅವಧಿಯಲ್ಲಿ, ಮೂರು ವಾರಗಳ ಕಾಲ. ಕೋಟೆಯ ಒಲೆಯಲ್ಲಿ ಕ್ಯಾಲ್ಸಿಫರ್ ಎಂಬ ಬೆಂಕಿಯ ಭೂತವಿದೆ ಎಂದಾಗ ಹಿಂದಿನ ಬೆಂಚಿನಿಂದ ಒಬ್ಬ ಎದ್ದು, “ಯಾವ ಭೂತ ಟೀಚರ್? ಗುಳಿಗನಾ, ಪಂಜುರ್ಲಿಯಾ?” ಎಂದು ಗಂಭೀರವಾಗಿ ಕೇಳಿದ. ಅದು ಆಕಾಶದಿಂದ ಬಿದ್ದ ನಕ್ಷತ್ರ, ಹೌಲನ ಹೃದಯವನ್ನು ಇಟ್ಟುಕೊಂಡು ಬದುಕಿದೆ ಎಂದು ಹೇಳಿ ಪಾರಾದೆ. ಕೊನೆಯಲ್ಲಿ ಸೋಫಿ ತನ್ನ ಮಾತಿನ ಬಲದಿಂದಲೇ ಕ್ಯಾಲ್ಸಿಫರನಿಗೆ ಸ್ವಂತದ ಆಯುಸ್ಸನ್ನಿತ್ತು, ಹೃದಯವನ್ನು ಹೌಲನಿಗೆ ಮರಳಿಸುವಾಗ ತರಗತಿ ಮೌನವಾಗಿತ್ತು. ಚಲನಚಿತ್ರದಲ್ಲಿ ಯುದ್ಧಕ್ಕೆ ಸಿಕ್ಕಿದಷ್ಟು ಸ್ಥಾನ ಈ ಮಾತಿನ ಮಹಿಮೆಗೆ ಸಿಕ್ಕಿಲ್ಲ. ನನಗೆ ಪುಸ್ತಕವೇ ಹೆಚ್ಚು.

ಆ ತರಗತಿಯಲ್ಲಿ ಒಬ್ಬಳು ಹುಡುಗಿಯಿದ್ದಳು. ತಂಗಿ, ತಮ್ಮಂದಿರನ್ನು ಶಾಲೆಗೆ ಹೊರಡಿಸಿ, ತಾನು ತಡವಾಗಿ ಓಡಿಬರುವ ಹಿರಿಯ ಮಗಳು. ಓದು ಚುರುಕು, ಉಚ್ಚಾರ ಸ್ಪಷ್ಟ. ಕಲೋತ್ಸವದ ಕನ್ನಡ ಭಾಷಣ ಸ್ಪರ್ಧೆಗೆ ಸೇರು ಎಂದೆ. “ನನ್ನಿಂದಾಗದು ಟೀಚರ್” ಎಂದಳು. ಒಂದು ವಾರ ಬಿಟ್ಟು ಕೇಳಿದೆ. ಅದೇ ಉತ್ತರ. ಸರಿ, ಒತ್ತಾಯ ಬೇಡವೆಂದು ಪಟ್ಟಿಯನ್ನು ಮಡಚಿಡುವಾಗ 1993ರ ಒಂದು ಮಧ್ಯಾಹ್ನ ಕಣ್ಣೆದುರು ನಿಂತಿತು.

ಅಂದು ನಮ್ಮ ಮುಖ್ಯೋಪಾಧ್ಯಾಯರು ಜಗಲಿಯ ಮೇಲೆ ಕುಳಿತು, ಅರ್ಜಿಯ ನಮೂನೆಯನ್ನು ನನ್ನ ಬೀಡಿಯ ಸೂಪಿನ ಮೇಲೆಯೇ ಇಟ್ಟು, “ಇದು ಮೂರನೇ ಸಲ ಮಾರಾಯ್ತಿ. ನಾಲ್ಕನೇ ಸಲಕ್ಕೆ ನಾನು ರಿಟೈರ್ ಆಗಿರುತ್ತೇನೆ” ಎಂದಿದ್ದರು. ಉಪದೇಶವಿಲ್ಲ, ಗದರಿಕೆಯಿಲ್ಲ. ನೂಲು ಸುತ್ತಿದ್ದ ಬೆರಳಿನಿಂದಲೇ ನಾನು ಸಹಿ ಹಾಕಿದೆ. ಪ್ರೀಡಿಗ್ರಿ, ತರಬೇತಿ ಮುಗಿಸಿ 1998ರಲ್ಲಿ ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ತೆಂಟು ವರ್ಷ. ನಿಯುಕ್ತಿಯ ಪತ್ರ ತೋರಿಸಲು ಹೋದಾಗ ಅವರು ಇರಲಿಲ್ಲ. ಅವರ ಮನೆಯವರು ಪತ್ರವನ್ನು ಭಾವಚಿತ್ರದ ಎದುರು ಒಂದು ಗಳಿಗೆ ಇಟ್ಟು ಮರಳಿಸಿದರು.

ಪಟ್ಟಿಯನ್ನು ಬಿಡಿಸಿ ಆ ಹುಡುಗಿಯನ್ನು ಮೂರನೆಯ ಸಲ ಕೇಳಿದೆ. ಅವಳು ತುಸು ಹೊತ್ತು ನೆಲ ನೋಡಿ, “ಸೋತರೆ?” ಎಂದಳು. “ಸೋತರೆ ಇಬ್ಬರೂ ಒಟ್ಟಿಗೆ ಬಸ್ಸಿನಲ್ಲಿ ಮನೆಗೆ ಬರುವ” ಎಂದೆ. ಅವಳು ಸೋತಳು. ನಾವಿಬ್ಬರೂ ಒಟ್ಟಿಗೆ ಬಸ್ಸಿನಲ್ಲಿ ಬಂದೆವು. ಮುಂದಿನ ವರ್ಷ ನಾನು ಕೇಳುವ ಮೊದಲೇ ತನ್ನ ಹೆಸರನ್ನು ತಾನೇ ಬರೆದುಕೊಟ್ಟಳು.

ಆ ಪುಸ್ತಕದ ಆರಂಭದಲ್ಲಿ ಲೇಖಕಿ ಒಂದು ಸಂಗತಿ ದಾಖಲಿಸಿದ್ದಾರೆ. ಅವರು ಒಂದು ಶಾಲೆಗೆ ಹೋಗಿದ್ದಾಗ ಅಲ್ಲಿನ ಹುಡುಗನೊಬ್ಬ ಚಲಿಸುವ ಕೋಟೆಯೆಂಬ ಪುಸ್ತಕ ಬರೆಯಿರಿ ಎಂದು ಕೇಳಿದನಂತೆ. ಅವನ ಹೆಸರನ್ನು ಬರೆದು ಬಹಳ ಜೋಪಾನವಾಗಿಟ್ಟದ್ದರಿಂದ ಆಮೇಲೆ ಸಿಗಲೇ ಇಲ್ಲವೆಂದು ಹೇಳಿ, ಆ ಅನಾಮಿಕನಿಗೆ ಕೃತಜ್ಞತೆ ಸಲ್ಲಿಸಿದ್ದಾರೆ. ಡಯಾನಾ ವಿನ್ ಜೋನ್ಸ್ 2011ರಲ್ಲಿ ತೀರಿಕೊಂಡರು. ಶಾಲೆಯ ಮಗುವಿನ ಒಂದು ಪ್ರಶ್ನೆಯಿಂದ ಹುಟ್ಟಿದ ಕೋಟೆ ಇನ್ನೂ ಚಲಿಸುತ್ತಿದೆ.

ನಮ್ಮ ಕನ್ನಡ ವಿಭಾಗಗಳಲ್ಲಿ ಬೆಂಚುಗಳು ಬರಿದಾಗುತ್ತಿವೆ ಎಂಬ ಚಿಂತೆ ನಮ್ಮೆಲ್ಲರದು. ಅದಕ್ಕೆ ಪರಿಹಾರ ಹೇಳುವಷ್ಟು ನಾನು ದೊಡ್ಡವಳಲ್ಲ. ಆದರೆ ಈ ಶಾಲೆಯ ಐವತ್ತು ವರ್ಷಗಳಲ್ಲಿ ‘ನನ್ನಿಂದಾಗದು’ ಎಂದವರ ಮನೆಯ ಜಗಲಿಗೆ ಮೂರನೆಯ ಸಲವೂ ನಡೆದು ಹೋದ ಗುರುಗಳಿದ್ದರು ಎಂಬುದಕ್ಕೆ ನಾನು ಸಾಕ್ಷಿ. ಮುಂದಿನ ಐವತ್ತು ವರ್ಷಗಳಲ್ಲಿಯೂ ಅಂಥವರು ಇಲ್ಲಿ ಇರಲಿ. ಸಂಪಾದಕರು ನನ್ನ ಮೊದಲನೆಯ ಪತ್ರವನ್ನು ಹರಿದು ಹಾಕಿ, ಎರಡನೆಯದನ್ನು ಇಟ್ಟುಕೊಳ್ಳಬೇಕಾಗಿ ವಿನಂತಿ.