ಬಾಸೂರು ಕಾವಲಿನಿಂದ ಗೊಲ್ಲರಹಟ್ಟಿಗೆ

ಇಷ್ಟೊಂದು ಆಕಾಶ ಒಂದೇ ಕಡೆ ಕಾಣಸಿಗುತ್ತದೆಂದು ನಾನು ಎಣಿಸಿರಲಿಲ್ಲ. ಕಡೂರು ಸೀಮೆಯ ಬಾಸೂರು ಅಮೃತಮಹಲ್ ಕಾವಲಿನಲ್ಲಿ ನಿಂತರೆ ಪಡುವಣಕ್ಕೆ ಬಾಬಾಬುಡನ್ ಬೆಟ್ಟಸಾಲು, ಉಳಿದೆಡೆಯೆಲ್ಲ ಹುಲ್ಲು. ಹುಲ್ಲಿನ ಮೇಲಿಂದ ಕೃಷ್ಣಮೃಗವೊಂದು ಚಿಮ್ಮಿ ಮತ್ತೆ ಹುಲ್ಲಿಗೇ ಇಳಿಯಿತು. ಚಳಿಗಾಲದಲ್ಲಿ ಸಾವಿರಾರು ಮೈಲಿ ಹಾರಿಬರುವ ಹ್ಯಾರಿಯರ್ ಗಿಡುಗಗಳು ಮರವನ್ನು ಹುಡುಕದೆ ಇದೇ ನೆಲದಲ್ಲಿ ರಾತ್ರಿ ಕಳೆಯುತ್ತವೆ. 2011ರಲ್ಲಿ ಇದನ್ನು ಸಂರಕ್ಷಣಾ ಮೀಸಲೆಂದು ಘೋಷಿಸಿದರು. ಮೈಸೂರರಸರ ದನಸಾಕಣೆಯ ಇಲಾಖೆಯಾಗಿದ್ದ ‘ಬೆಣ್ಣೆಚಾವಡಿ’ಗೆ ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟ. ಅದೇ ಹೆಸರಿನ ತಳಿಯ ದನಗಳನ್ನು ಅಜ್ಜಂಪುರದ ಕೇಂದ್ರದಲ್ಲಿ ಈಗಲೂ ಸಾಕುತ್ತಾರೆ.

ಹುಲ್ಲಿದ್ದಲ್ಲಿ ದನ, ದನವಿದ್ದಲ್ಲಿ ಕಾಡುಗೊಲ್ಲರು. ಕಡೂರು, ಅಜ್ಜಂಪುರ, ತರೀಕೆರೆ ಈ ಮೂರೂ ತಾಲ್ಲೂಕುಗಳಲ್ಲಿ ಊರಿಂದ ತುಸು ದೂರಕ್ಕೆ ಅವರ ಹಟ್ಟಿಗಳಿವೆ. ತಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಅವರ ಬೇಡಿಕೆ ವರ್ಷಗಳಿಂದ ದೆಹಲಿಯ ಕಡತಗಳಲ್ಲಿದೆ. ಹಟ್ಟಿಯೊಂದರ ಕಟ್ಟೆಯ ಮೇಲೆ ನಾನು ಮೊದಲು ನೋಡಿದ್ದು ಗಣೆಯನ್ನು. ಉದ್ದನೆಯ ಬಿದಿರಿನ ಕೊಳಲು ಅದು. ನುಡಿಸಿದ ಅಜ್ಜನ ಕೆನ್ನೆ ಬತ್ತಿತ್ತು, ಉಸಿರು ಮಾತ್ರ ಬತ್ತಿರಲಿಲ್ಲ. ಆ ದನಿ ಎದೆಯೊಳಗೆ ಎಲ್ಲಿಗೆ ಇಳಿಯಿತೆಂದು ಹೇಳಲು ನನಗೆ ಬಾರದು.

ಗಣೆ ನುಡಿಸುತ್ತಿದ್ದ ಜುಂಜಪ್ಪ ಇವರ ದೈವ, ಇವರ ಮಹಾಕಾವ್ಯದ ನಾಯಕ. ಸೋದರಮಾವಂದಿರೇ ಅವನಿಗೆ ವಿಷವಿಕ್ಕಿದರು. ತನ್ನವರಿಂದಲೇ ಮೋಸಹೋದವನ ಸಂಕಟವನ್ನು ಇವರು ಇರುಳೆಲ್ಲ ಕುಳಿತು ಹಾಡುತ್ತಾರೆ, ಕೇಳುತ್ತಾರೆ. ನಗರದಲ್ಲಿ ಮನೋವೈದ್ಯರೆದುರು ಒಬ್ಬಂಟಿಯಾಗಿ ತಡವರಿಸಿ ಹೇಳಿಕೊಳ್ಳುವ ನೋವಿಗೆ ಇಲ್ಲಿ ರಾಗವಿದೆ, ಸಂಗಡ ಕಣ್ಣೊರೆಸಿಕೊಳ್ಳುವ ಜನರಿದ್ದಾರೆ. ಇದನ್ನು ಮೌಢ್ಯವೆಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪಲಾರೆ.

ಆದರೆ ಅದೇ ಹಟ್ಟಿಗಳ ಕಟ್ಟುಪಾಡು ಮುಟ್ಟಾದವಳನ್ನೂ ಹಸಿ ಬಾಣಂತಿಯನ್ನೂ ಹೊರಗಿನ ಗುಡ್ಲಿಗೆ ಕಳಿಸುತ್ತದೆ. 2023ರ ಜುಲೈನಲ್ಲಿ ತುಮಕೂರು ಬಳಿಯ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಮಳೆಯಲ್ಲಿ ಹೊರಗಿದ್ದ ತಾಯಿಯ ಹಸುಗೂಸು ತೀರಿಕೊಂಡಿತು. ಕೂಸಿನ ಸಾವು ಸುದ್ದಿಯಾಯಿತು. ತಾಯಿಯ ಮನಸ್ಸಿನ ಗತಿಯೇನು? ಹೆರಿಗೆಯಾದ ಮೊದಲ ಕೆಲವು ವಾರಗಳು ಹೆಣ್ಣಿನ ಮನಸ್ಸಿಗೆ ಬಲು ಸೂಕ್ಷ್ಮ. ಬಾಣಂತಿ ಸನ್ನಿ ತಲೆದೋರುವುದೂ ಹೆಚ್ಚಾಗಿ ಮೊದಲೆರಡು ವಾರಗಳಲ್ಲೇ. ನಿದ್ದೆಯಿಲ್ಲ, ಯಾರದೋ ದನಿ ಕೇಳಿಸುತ್ತದೆ, ಮಗುವನ್ನು ಕಂಡರೆ ದಿಗಿಲು. ಸರಿಯಾಗಿ ಆ ಹೊತ್ತಿಗೇ ಅವಳು ಒಂಟಿ. ಇಂಥ ಬಹಿಷ್ಕಾರವನ್ನು ತಡೆಯಲು ರಾಜ್ಯದ 2017ರ ಕಾಯ್ದೆಯಿದೆ. ಜತೆಗೆ ಸರ್ಕಾರವೇ ಕೆಲವು ಹಟ್ಟಿಗಳ ಹೊರಗೆ ‘ಕೃಷ್ಣ ಕುಟೀರ’ಗಳನ್ನೂ ಕಟ್ಟಿಸಿತು. ಗುಡ್ಲಿಗೆ ಗಾರೆ ಹಾಕಿದ ಮಾತ್ರಕ್ಕೆ ಒಂಟಿತನ ಕಡಿಮೆಯಾಗುವುದಿಲ್ಲ.

“ಯಾರಿಗಾದರೂ ಮಂಕು ಕವಿದರೆ ಏನು ಮಾಡ್ತೀರಿ ಅಜ್ಜಾ?” ಎಂದೆ.

“ಮೊದ್ಲು ಪೂಜಾರಪ್ಪನತ್ರ ಕರ್ಕಂಡ್ ಹೋಗ್ತೀವಿ. ಅಂತ್ರ ಕಟ್ಟುಸ್ತೀವಿ. ಆಸ್ಪತ್ರೆ ಅಂದ್ರೆ ಒಂದಿನದ ಕೂಲಿ ಹೋಯ್ತದೆ. ಜತೇಲಿ ಹೋಗೋನ್ದೂ ಹೋಯ್ತದೆ.”

ಇದು ಮೌಢ್ಯದ ಲೆಕ್ಕವಲ್ಲ, ಬಡತನದ ಲೆಕ್ಕ. ರಾಜ್ಯದ ‘ಮನೋಚೈತನ್ಯ’ ಯೋಜನೆಯಂತೆ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವುದು ಮಂಗಳವಾರ. ಹಟ್ಟಿಯವರು ಅಂದಿನ ದುಡಿಮೆ ಬಿಟ್ಟು ಬಸ್ಸು ಹಿಡಿಯಬೇಕು, ಸರತಿಯಲ್ಲಿ ನಿಲ್ಲಬೇಕು. ಮನೋರೋಗಗಳಲ್ಲಿ ಚಿಕಿತ್ಸೆ ಸಿಗದವರ ಪ್ರಮಾಣ ಶೇ 70ರಿಂದ 92ರವರೆಗೆ ಇದೆಯೆಂದು ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆ ಹೇಳಿತು. ಆ ಅಂಕಿಯ ಹಿಂದಿನ ಮುಖಗಳು ಇಂಥ ಕಟ್ಟೆಗಳ ಮೇಲೆ ಕುಳಿತಿವೆ.

ತರೀಕೆರೆಯತ್ತ ಸರಿದಂತೆ ಗಾಳಿ ತಂಪಾಯಿತು, ಅಡಿಕೆ ತೋಟಗಳು ಒತ್ತಾದವು. ಭದ್ರಾ ಅಭಯಾರಣ್ಯದೊಳಗಿಂದ 2001–02ರ ಹೊತ್ತಿಗೆ ಹೊರಬಂದ 419 ಕುಟುಂಬಗಳಲ್ಲಿ ಹಲವು ಈ ಸೀಮೆಯ ಎಂ.ಸಿ. ಹಳ್ಳಿಯಲ್ಲಿ ನೆಲೆನಿಂತಿವೆ. ಮಾದರಿ ಪುನರ್ವಸತಿಯೆಂದು ಹೆಸರಾದದ್ದು ಅದು. ಹೊಲ ಅಳೆದು ಕೊಟ್ಟರು, ಸರಿ. ಕಾಡಿನೊಳಗೆ ಬಿಟ್ಟುಬಂದ ದೇವರಬನದ ಕೊರಗನ್ನು ಅಳೆಯುವ ಕೋಲು ಯಾವ ಇಲಾಖೆಯಲ್ಲಿದೆ?

ಬೇರೆ ದಾರಿ ಇಲ್ಲವೆಂದಲ್ಲ. ನೆರೆಯ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯಲ್ಲಿ ನಿಮ್ಹಾನ್ಸ್ 2005ರಿಂದ ಸ್ಕಿಜೋಫ್ರೇನಿಯಾ ಇರುವವರನ್ನು ತಾಲ್ಲೂಕಿನಾದ್ಯಂತ ಗುರುತಿಸಿ, ಅಲ್ಲಿಯೇ ಮದ್ದು ಕೊಡಿಸಿ, ಬಿಡದೆ ವಿಚಾರಿಸಿಕೊಳ್ಳುತ್ತ ಬಂದಿದೆ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ಹರಕೆ ಹೊತ್ತು ಬಂದವರನ್ನು ಮುಜಾವರರೇ ಅಲ್ಲಿನ ಮನೋವೈದ್ಯರ ಬಳಿ ಕಳಿಸುವ ಏರ್ಪಾಡಾಯಿತು. ಹೆಸರು ‘ದವಾ ಮತ್ತು ದುವಾ’, ಅಂದರೆ ಮದ್ದು ಮತ್ತು ಪ್ರಾರ್ಥನೆ.

ಆ ದರ್ಗಾದ ಸಂಗತಿಯನ್ನು ನಾನು ಹೇಳಿದ್ದೂ ಅದೇ ಕಟ್ಟೆಯ ಮೇಲೆ. ಅಜ್ಜ ಗಣೆಯನ್ನು ತೊಡೆಯ ಮೇಲೆ ಅಡ್ಡಲಾಗಿಟ್ಟುಕೊಂಡು ಪೂರ್ತಿ ಕೇಳಿದರು.

“ಹಂಗಾರೆ ನಮ್ ಪೂಜಾರಪ್ಪನ್ನೂ ಆ ಡಾಕ್ಟ್ರು ಕೂರಿಸ್ಕಂಡು ಮಾತಾಡ್ಸಲಿ. ಅವ್ನು ಹೋಗ್ರಪ್ಪ ಅಂದ್ರೆ ಹಟ್ಟಿ ಹೆಣ್ಮಕ್ಳೂ ಹೋಯ್ತಾರೆ. ಆದ್ರೆ ಡಾಕ್ಟ್ರು ಒಂದ್ಸಲನಾದ್ರೂ ಇಲ್ಲೀಗಂಟ ಬರ್ಬೇಕು.”